ಕಸ್ತೂರಬಾಯಿಯವರ ಉಳಿದ ಮೂರು ಪದ

ಕೋವಿಡ್ ಲಾಕ್‌ಡೌನ್ ಮುಗಿದ ಮರುವರ್ಷ ನಾನು ಹೈದರಾಬಾದಿನಲ್ಲಿ ರೆಕಾರ್ಡಿಂಗ್ ಎಂಜಿನಿಯರ್ ಆಗಿದ್ದ ಕೆಲಸ ಬಿಟ್ಟು, ಆಳಂದಕ್ಕೆ ಬಂದು ಸ್ವಂತ ಸ್ಟುಡಿಯೋ ತೆರೆದೆ. ಇದ್ದದ್ದು ಎರಡೇ ಕೋಣೆ. ಒಂದರಲ್ಲಿ ಹಾಡುವವರು, ಇನ್ನೊಂದರಲ್ಲಿ ನಾನು, ನಡುವೆ ದಪ್ಪ ಗಾಜು. ಭಜನೆ, ತತ್ವಪದ ಹಾಡುವವರು ಅಫಜಲಪುರ, ಜೇವರ್ಗಿ ಕಡೆಯಿಂದಲೂ ಬರತೊಡಗಿದರು. ಹಾಗೆ ಬಂದವರು ಅತನೂರಿನ ಕಸ್ತೂರಬಾಯಿ ಮತ್ತು ಅವರ ಗಂಡ ಶರಣಪ್ಪ. ಆಕೆ ಹಾಡುತ್ತಿದ್ದರು, ಶರಣಪ್ಪ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಿದ್ದರು. ತಾಯಿಯಿಂದ ಕಲಿತ ಎಂಟು ಪದಗಳು ತಮ್ಮೊಂದಿಗೇ ಮಣ್ಣಾಗಬಾರದು ಎಂಬುದು ಕಸ್ತೂರಬಾಯಿಯವರ ಹಂಬಲ.

ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. ಮೈಕಿಗೆ ಬಿದ್ದ ದನಿ ಕಂಪ್ಯೂಟರ್ ಸೇರುವ ಮೊದಲು ಚಾನೆಲ್ ಸ್ಟ್ರಿಪ್ ಎಂಬ ಪೆಟ್ಟಿಗೆಯನ್ನು ಹಾದು ಹೋಗುತ್ತದೆ. ಅದರೊಳಗಿನ ಈಕ್ವಲೈಜರ್ ದನಿಯ ದಪ್ಪ, ತೆಳು, ಹರಿತ ಅಂಶಗಳನ್ನು ಬೇರೆ ಬೇರೆಯಾಗಿ ಹೆಚ್ಚು ಕಡಿಮೆ ಮಾಡುತ್ತದೆ. ಕಂಪ್ರೆಸರ್, ನಾವು ಗೊತ್ತುಮಾಡಿದ ಮಿತಿಯನ್ನು ಮೀರಿದ ದನಿಯನ್ನು ಅದುಮುತ್ತದೆ. ಅನುಪಾತ ನಾಲ್ಕಕ್ಕೆ ಒಂದು ಎಂದಿಟ್ಟರೆ ನಾಲ್ಕು ಡೆಸಿಬಲ್ ಮೀರಿದ್ದು ಒಂದೇ ಡೆಸಿಬಲ್ ಮೀರಿದಂತೆ ಹೊರಬರುತ್ತದೆ. ಎಷ್ಟು ಅದುಮಿತು ಎಂಬುದನ್ನು ಮೀಟರಿನ ಮುಳ್ಳು ತೋರಿಸುತ್ತದೆ. ಹಾಡುವಾಗಲೇ ಇವನ್ನು ಬಳಸಿದರೆ ಅದು ದನಿಯ ಜೊತೆಗೇ ಅಚ್ಚಾಗುತ್ತದೆ. ಆಮೇಲೆ ತೆಗೆಯಲು ಬರುವುದಿಲ್ಲ.

ಕಸ್ತೂರಬಾಯಿ ಮೊದಲ ಪದ ಎತ್ತಿಕೊಂಡಾಗ ಮುಳ್ಳು ಹಾರಿ ಹತ್ತು ಡೆಸಿಬಲಿಗೆ ಹೋಗಿ ನಿಂತಿತು. ಬಯಲಿನಲ್ಲಿ ನಿಂತು ಹಾಡಿ ಬೆಳೆದ ದನಿ ಅದು. ನಾನು ಮೈಕನ್ನು ಹಿಂದಕ್ಕೆ ಸರಿಸಿ, ಹರಿತ ಕಿವಿಗೆ ಚುಚ್ಚದಂತೆ ಮೂರು ಕಿಲೋಹರ್ಟ್ಸ್ ಹತ್ತಿರ ತುಸು ಇಳಿಸಿದೆ. ಆ ದಿನ ಐದು ಪದಗಳಾದವು. ಉಳಿದ ಮೂರು ಮುಂದಿನ ತಿಂಗಳು ಎಂದುಕೊಂಡೆವು.

ಮುಂದಿನ ತಿಂಗಳು ಅವರು ಬರಲಿಲ್ಲ. ಕಸ್ತೂರಬಾಯಿಯವರ ಕೊರಳಲ್ಲಿ ಗಂಟು ಕಾಣಿಸಿಕೊಂಡು, ಸೊಲ್ಲಾಪುರದಲ್ಲಿ ಥೈರಾಯ್ಡ್ ಶಸ್ತ್ರಚಿಕಿತ್ಸೆ ಆಗಿತ್ತು. ದನಿಯ ನರ ಆ ಗಂಟಿಗೇ ಅಂಟಿಕೊಂಡಿದೆ, ಜೀವ ಉಳಿಸಬಹುದು, ದನಿಯ ಬಗ್ಗೆ ಮಾತು ಕೊಡಲಾಗದು ಎಂದು ವೈದ್ಯರು ಮೊದಲೇ ಹೇಳಿದ್ದರಂತೆ. ಹಾಗೆಯೇ ಆಯಿತು.

ಎಷ್ಟೋ ತಿಂಗಳ ಮೇಲೆ ಶರಣಪ್ಪ ಒಬ್ಬರೇ ಸ್ಟುಡಿಯೋಗೆ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

“ಮೇಡಂ, ಉಳಿದ ಪದ ಹಾಡ್ತೇನಿ ಅಂತ ಹಟ ಹಿಡದಾಳ. ಆದ್ರ ಆವಾಜ ಪೂರಾ ಹೋಗ್ಯಾದ್ರಿ. ನಿಮ್ಮ ಮಷೀನ್‌ನ್ಯಾಗ ಮೊದಲಿನಂಗ ಮಾಡಿ ಕೇಳಸ್ರಿ. ನಾ ಹೇಳೀನಂತ ಆಕಿಗಿ ಗೊತ್ತಾಗೋದು ಬ್ಯಾಡ.”

ಆಗುತ್ತದೆ ಎಂದು ನಾನು ಹೇಳಲಿಲ್ಲ. ಆಗುವುದಿಲ್ಲ ಎನ್ನಲೂ ಬಾಯಿ ಬರಲಿಲ್ಲ. “ಕರ್ಕೊಂಡು ಬರ್ರಿ, ನೋಡೋಣ” ಎಂದೆ.

ಆ ವಾರವೇ ಇಬ್ಬರೂ ಬಂದರು. ಕಸ್ತೂರಬಾಯಿ ಸೆರಗನ್ನು ಕೊರಳ ಸುತ್ತ ಎಳೆದುಕೊಂಡಿದ್ದರು. “ಆರಾಮ ಇದ್ದೀ ತಂಗೀ?” ಎಂದಾಗ ಒಳಗೆ ಗಾಳಿ ಸೋರುವ ಸದ್ದೇ ಹೆಚ್ಚಿತ್ತು. ಶರಣಪ್ಪ ಪೇಟಿಯನ್ನು ಹಳೆಯ ಶ್ರುತಿಗೇ, ಎತ್ತರದ ಐದನೆಯ ಕಪ್ಪು ಕೀಲಿಗೇ ಹಿಡಿದರು. ದನಿ ಅಲ್ಲಿಗೆ ತಲುಪಲಿಲ್ಲ. ನಾನು ಕೈಲಾದದ್ದೆಲ್ಲ ಮಾಡಿದೆ. ಮೂರು ಕಿಲೋಹರ್ಟ್ಸ್ ಏರಿಸಿದೆ, ದಪ್ಪವನ್ನು ತಗ್ಗಿಸಿದೆ, ಕಂಪ್ರೆಸರನ್ನು ಬಿಗಿ ಮಾಡಿ ಸಣ್ಣದನ್ನೂ ದೊಡ್ಡದನ್ನೂ ಒಂದೇ ಮಟ್ಟಕ್ಕೆ ತಂದೆ. ದನಿ ದೊಡ್ಡದಾಯಿತು. ಜೊತೆಗೆ ಸೋರುವ ಉಸಿರೂ ದೊಡ್ಡದಾಯಿತು.

ಅದನ್ನು ಕೇಳಿಸಿದೆ. ಶರಣಪ್ಪ ಅವಸರದಲ್ಲಿ “ಬಂತ್ ನೋಡು, ಮೊದಲಿನಂಗ!” ಎಂದರು. ಕಸ್ತೂರಬಾಯಿ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಇದು ಯಾರ ಆವಾಜ ತಂಗೀ?”

ಹಾಗೆಂದು ಆಕೆ ಗಂಡನ ಮುಖ ನೋಡಿದರು.

“ನೀವ ಹೇಳೀರಿ, ಹೌದಿಲ್ಲೋ?”

“ಹೂಂ, ನಾನ ಹೇಳೀನಿ” ಎಂದರು ಶರಣಪ್ಪ. ಪೇಟಿಯ ಮೇಲಿಂದ ಕಣ್ಣೆತ್ತಲಿಲ್ಲ. “ನೀ ಕದ ಹಾಕ್ಕೊಂಡು ಹಾಡಿ ನೋಡ್ತಿದ್ದಿ, ಅಳ್ತಿದ್ದಿ. ಹೊರಗ ಕುಂತು ಕೇಳಿ ಕೇಳಿ ನನಗ ಸಾಕಾಗಿತ್ತು.”

ಆಕೆಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. “ಅತ್ತಿದ್ದು ಖರೆ. ಅತ್ತು ಮುಗದದ. ಪೇಟಿ ಇಳಿಸಿ ಮೂರನೇ ಕಪ್ಪಿಗಿ ಹಿಡೀರಿ” ಎಂದು ನನ್ನ ಕಡೆ ತಿರುಗಿದರು. “ತಂಗೀ, ಹೋದದ್ದು ಹುಡುಕಬ್ಯಾಡ. ಇದಕ್ಕ ಏನು ಬೇಕೋ ಅದನ್ನಷ್ಟ ಮಾಡು.”

ನಾನು ಎಲ್ಲವನ್ನೂ ಸೊನ್ನೆಗೆ ತಂದೆ. ಮೈಕನ್ನು ಒಂದು ಗೇಣಿನಷ್ಟು ಹತ್ತಿರಕ್ಕೆ ಎಳೆದೆ. ಈಕ್ವಲೈಜರಿನಲ್ಲಿ ಕೆಳಗಿನ ಗುಂಯ್‌ಗುಡುವಿಕೆಯೊಂದನ್ನು ಬಿಟ್ಟು ಏನನ್ನೂ ಮುಟ್ಟಲಿಲ್ಲ. ಕಂಪ್ರೆಸರನ್ನು ಎರಡಕ್ಕೆ ಒಂದರಂತೆ ಸಡಿಲವಾಗಿ ಇಟ್ಟು, ದನಿಯ ಮೊದಲ ಪೆಟ್ಟು ಹಾಗೇ ಹಾದುಹೋಗಲಿ ಎಂದು ನಿಧಾನವಾಗಿ ಹಿಡಿಯುವಂತೆ ಹೊಂದಿಸಿದೆ.

ಶರೀರ ಬಿಟ್ಟು ಹೊರಟ ಜೀವ, ಹೊಸ್ತಿಲ ಬಳಿ ನಿಂತು ಮನೆಯವರಿಗೆಲ್ಲ ಬರ್ತೇನಿ ಎಂದು ಹೇಳುವ ಪದ ಆಕೆ ಎತ್ತಿಕೊಂಡದ್ದು. ಕಸ್ತೂರಬಾಯಿ ಅದನ್ನು ಹಾಡಿದ್ದಕ್ಕಿಂತ ಪಕ್ಕದಲ್ಲಿ ಕುಳಿತವರಿಗೆ ಹೇಳಿದಂತಿತ್ತು. ಎರಡನೆಯ ನುಡಿಯ ಏರಿನಲ್ಲಿ ದನಿ ಒಡೆಯಿತು. ಇನ್ನೊಬ್ಬರಾಗಿದ್ದರೆ ನಿಲ್ಲಿಸಿ ಮೊದಲಿನಿಂದ ಹಾಡುತ್ತಿದ್ದರು. ಆಕೆ ನಿಲ್ಲಲಿಲ್ಲ. ಒಡೆದ ಸ್ವರದ ಮೇಲೆಯೇ ನಿಂತರು, ಸ್ವರ ಕರಗಿ ಬರೀ ಉಸಿರಾಗುವವರೆಗೂ ನಿಂತರು, ಆ ಉಸಿರಿನಿಂದಲೇ ಮುಂದಿನ ಮಾತನ್ನು ಎತ್ತಿಕೊಂಡರು. ಹೊರಡುವ ಜೀವ ಹಾಗಲ್ಲದೆ ಇನ್ನು ಹೇಗೆ ಮಾತಾಡೀತು? ಇಷ್ಟು ವರ್ಷ ದೊಡ್ಡ ದೊಡ್ಡ ದನಿಗಳನ್ನು ಹಿಡಿದು ಕೂರಿಸಿದವಳು ನಾನು. ಅಂದು ಗುಂಡಿಯ ಮೇಲಿದ್ದ ಕೈಯನ್ನು ನನಗೇ ತಿಳಿಯದಂತೆ ಹಿಂದಕ್ಕೆ ತೆಗೆದುಕೊಂಡು ಕೈಮುಗಿದಿದ್ದೆ. ಹಾಡು ಮುಗಿದ ಮೇಲೂ ಶರಣಪ್ಪನವರ ಕೈ ಪೇಟಿಯ ತಿದಿಯನ್ನು ಒತ್ತುತ್ತಲೇ ಇತ್ತು.

ಇನ್ನೊಮ್ಮೆ ಹಾಡಿಸುವ ಪ್ರಶ್ನೆಯೇ ಬರಲಿಲ್ಲ. ಉಳಿದ ಎರಡು ಪದಗಳೂ ಅದೇ ಮಧ್ಯಾಹ್ನ ಮುಗಿದವು.

ಈಗ ನಾನು ಯಾರೇ ಬರಲಿ, ಮೊದಲು ಚಾನೆಲ್ ಸ್ಟ್ರಿಪ್ಪಿನ ಎರಡೂ ಭಾಗಗಳನ್ನು ಬಂದ್ ಮಾಡಿ ಒಂದು ಹಾಡನ್ನು ಪೂರ್ತಿ ಕೇಳುತ್ತೇನೆ. ಇರುವ ದನಿ ಯಾವುದು ಎಂದು ತಿಳಿಯದೆ ಅದನ್ನು ತಿದ್ದಲು ಹೋಗಬಾರದು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಇದನ್ನು ಕಲಿಯಲು ಅಷ್ಟು ವರ್ಷ ಬೇಕಾಯಿತು.

ಎಂಟೂ ಪದಗಳನ್ನು ಮೊದಲು ಕೇಳಿಸಿದ್ದು ಜೇವರ್ಗಿ ತಾಲೂಕಿನ ಅಂದೋಲಾದಲ್ಲಿ, ಕಸ್ತೂರಬಾಯಿಯವರ ತವರಿನ ಅಂಗಳದಲ್ಲಿ. ನಾನೂ ಹೋಗಿದ್ದೆ. ಕೊನೆಯ ಪದ ಮುಗಿದಾಗ ಒಬ್ಬ ಮುದುಕಿ ಕಣ್ಣೊರೆಸಿಕೊಳ್ಳುತ್ತ ಕಸ್ತೂರಬಾಯಿಯವರನ್ನು ಕೇಳಿದಳು: “ಮೊದಲ ಹಾಡಿದಾಕಿ ನೀನು, ಗೊತ್ತಾತು. ಕಡೀಕ ಹಾಡಿದ ಆ ದೊಡ್ಡಾಕಿ ಯಾರ ಬೇ?”

ಕಸ್ತೂರಬಾಯಿ ಕೊರಳ ಮೇಲಿನ ಸೆರಗನ್ನು ಸರಿಸಿ, ಗಾಯದ ಗೆರೆಯನ್ನು ಆಕೆಗೆ ತೋರಿಸಿದರು.

“ಇಬ್ಬರೂ ನಾನ ಯವ್ವಾ.”