ಟಿಕೆಟಿನಲ್ಲಿ ಅಳಿಸಿದ ಅಕ್ಷರ

ಕೊಪ್ಪದ ಖಾಸಗಿ ಬಸ್ಸೊಂದರ ಬುಕಿಂಗ್ ಕೌಂಟರಿನಲ್ಲಿ ನಾನು ಟಿಕೆಟ್ ಕೊಡುತ್ತಿದ್ದೆ. ಕಂಪ್ಯೂಟರ್ ಬಂದ ಹೊಸತು. ಅದಕ್ಕೆ ಪ್ರೋಗ್ರಾಂ ಬರೆದವರು ಶೃಂಗೇರಿಯ ಒಬ್ಬ ಹೆಣ್ಣುಮಗಳು. ಅಚ್ಚಾದ ಟಿಕೆಟನ್ನು ತೋಳುದ್ದ ಹಿಡಿದು ಓದಿ, “ಓದುವವರಿಗೆ ಅನುಮಾನ ಬರಬಾರದು ಮಾರಾಯ್ರೆ” ಎನ್ನುತ್ತಿದ್ದರು.

ದಿನಾಂಕ, ಗಂಟೆ ಹೇಗೆ ಅಚ್ಚಾಗಬೇಕೆಂದು ಹೇಳುವ ಅಕ್ಷರಗಳ ಸಾಲನ್ನು ಅವರೇ ನನಗೆ ತೋರಿಸಿದ್ದರು. ಅದರ ಕೊನೆಯ ಅಕ್ಷರದಿಂದ ಎಎಂ, ಪಿಎಂ ಮೂಡುತ್ತಿತ್ತು. ಸಣ್ಣ ಕಾಗದದಲ್ಲಿ ಅದು ಕೆಳಗಿನ ಸಾಲಿಗೆ ಜಾರುತ್ತದೆಂದು ಒಂದು ದಿನ ನಾನು ಅದನ್ನು ಅಳಿಸಿಬಿಟ್ಟೆ.

ವಾರದೊಳಗೆ ಹತ್ತಿರದ ಹಳ್ಳಿಯ ಅಜ್ಜರೊಬ್ಬರು ಟಿಕೆಟ್ ಹಿಡಿದು ಸಂಜೆ ಬಂದರು. ಮರುದಿನ ಮಧ್ಯಾಹ್ನ ಅವರಿಗೆ ಮಂಗಳೂರಿನಲ್ಲಿ ಕಣ್ಣಿನ ಆಪರೇಷನ್. ಅವರ ಟಿಕೆಟಿನ ಬಸ್ಸು ಬೆಳಿಗ್ಗೆಯೇ ಹೋಗಿತ್ತು.

“ಚೀಟೀಲಿ ಆರೂಕಾಲು ಅಂತ ಇತ್ತಲ್ಲ!” ಎಂದರು ಅಜ್ಜ.

ಬಸ್ಸಿನ ಮಾಲೀಕರು ಅಲ್ಲೇ ಇದ್ದ ಪ್ರೋಗ್ರಾಂ ಬರೆದಾಕೆಗೆ ಬೈದರು. ಆಕೆ ಪರದೆ ನೋಡಿ ನನ್ನತ್ತ ತಿರುಗಿದರು.

“ಯಾರು ತೆಗೆದದ್ದು?”

“ನಂಗೆಂತ ಗೊತ್ತು ಮಾರಾಯ್ತಿ!”

ಆಕೆ ಮತ್ತೆ ಕೇಳಲಿಲ್ಲ. ಮಾಲೀಕರಿಗೆ, “ಬೈಯಿರಿ, ಪರವಾಗಿಲ್ಲ. ನಾಳೆ ಬೆಳಿಗ್ಗೆಗೆ ಅಜ್ಜಂಗೆ ಸೀಟು ಕೊಡಿ. ಕೊಡುವವರೆಗೆ ನಾನು ಏಳೂದಿಲ್ಲ” ಎಂದರು.

ಬಸ್ಸು ಭರ್ತಿಯಾಗಿತ್ತು. ಕೊನೆಗೆ ಮಾಲೀಕರು ಡ್ರೈವರ್ ಪಕ್ಕದ ಜಾಗ ಕೊಟ್ಟರು. ಆಕೆ ಇಸವಿಯ ನಾಲ್ಕು ಅಂಕಿಗಳನ್ನು ಎರಡಕ್ಕೆ ಇಳಿಸಿ, ನಾನು ಅಳಿಸಿದ್ದನ್ನು ಮರಳಿ ಹಾಕಿದರು. ಎಲ್ಲ ಒಂದೇ ಸಾಲಿನಲ್ಲಿ ಕೂತಿತು. ಅಳಿಸುವ ಮೊದಲು ಕೇಳಿದ್ದರೆ ನನಗೂ ಹೇಳಿಕೊಡುತ್ತಿದ್ದರು.

ಹೊಸ ಟಿಕೆಟನ್ನು ನನ್ನ ಕೈಗಿಟ್ಟು, “ಅಜ್ಜಂಗೆ ನೀವೇ ಓದಿ ಹೇಳಿ” ಎಂದರು.

“ಬೆಳಿಗ್ಗೆ ಆರೂಕಾಲು” ಎಂದು ಓದಿದೆ. ಉಳಿದದ್ದನ್ನು ಆವತ್ತು ಹೇಳಲಿಲ್ಲ, ಈಗ ಬರೆಯುತ್ತಿದ್ದೇನೆ. ಆ ಅಕ್ಷರ ಅಳಿಸಿದವನು ನಾನು. ಓದುವವರಿಗೆ ಅನುಮಾನ ಬರಬಾರದು.