ಗೂಟದ ಮೇಲಿನ ಹೆಸರು

ವಿಲ್ಫ್ರೆಡ್ ಪಿಲ್ಚರ್ ಇಪ್ಪತ್ತಮೂರು ವರ್ಷ ನಮ್ಮ ಡೋವರ್ ಕೋಟೆಯ ಅಡಿಯಲ್ಲಿ, ಸುರಂಗಗಳಿಗೆ ಗಾಳಿ ಊದುವ ಗಾಳಿಯಂತ್ರ ನೋಡಿಕೊಂಡಿದ್ದ. ಅದು ಊರಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಮೇಲೆ ಕೋಟೆಯ ಕಚೇರಿಗಳಲ್ಲಿ ಬಾಯ್ಲರ್ ರಿಪೇರಿ ಮಾಡುತ್ತಾನೆಂದೇ ಹೆಂಡತಿ ಎನಿಡ್ ತಿಳಿದಿದ್ದಳು.

ಹಿಟ್ಲರನ ಕಾಲದಲ್ಲಿ ನೌಕಾಪಡೆಯವರು ಕೂತು ಯುದ್ಧ ನಡೆಸಿದ ಸುರಂಗಗಳವು. ಯುದ್ಧ ಮುಗಿದ ಮೇಲೆ ಬೀಗ ಬಿತ್ತು ಅಂತ ನಾವೆಲ್ಲ ನಂಬಿದ್ದೆವು. ನಮ್ಮನ್ನು ನಂಬಿಸುವುದು ಎಷ್ಟರ ಕೆಲಸ. ರಷ್ಯದವರ ಬಾಂಬು ಬಿದ್ದರೆ ಅಧಿಕಾರಿಗಳು ಅಡಗಿ ಕೂರುವುದಕ್ಕೆಂದು ಸರ್ಕಾರ ಅವನ್ನೇ ಗುಟ್ಟಾಗಿ ಮತ್ತೆ ಸಜ್ಜು ಮಾಡಿತ್ತು. ಯಾರಿಗೂ ಹೇಳುವುದಿಲ್ಲವೆಂದು ವಿಲ್ಫ್ರೆಡ್ ರುಜು ಹಾಕಿದ್ದ. ನಮ್ಮ ಜನ ಹಾಗೆಯೇ, ರುಜು ಹಾಕಿದ ಮೇಲೆ ತುಟಿ ಬಿಚ್ಚುವುದಿಲ್ಲ. ಹೆಂಡತಿಯೂ ಕೇಳುವುದಿಲ್ಲ, ಕೇಳುವ ಬದಲು ಎದ್ದುಹೋಗಿ ಟೀಗೆ ನೀರಿಡುತ್ತಾಳೆ.

ಅವನು ನಿವೃತ್ತನಾಗಿ ಆರು ವರ್ಷಕ್ಕೆ, ಸಾವಿರದ ಒಂಬೈನೂರ ತೊಂಬತ್ತರಲ್ಲಿ, ಅದೇ ಸುರಂಗಗಳನ್ನು ಜನರಿಗೆ ತೆರೆದರು. ಎನಿಡ್ ಅಂಗಡಿಯಿಂದ ಬಂದವಳೇ ಒಂದು ಚೀಟಿಯನ್ನು ಮೇಜಿನ ಮೇಲೆ ಹಾಕಿದಳು.

"ಶನಿವಾರ ಊರಿನವರಿಗೆ ಬಿಟ್ಟಿಯಂತೆ. ಹೋಗೋಣ."

"ನನ್ನ ಮಂಡಿ ನೋಯ್ತಿದೆ."

"ನಿನ್ನ ಮಂಡಿ ಪಬ್ಬಿಗೆ ಹೋಗೋವಾಗ ನೋಯಲ್ಲ, ಅಲ್ವಾ?"

ವಿಲ್ಫ್ರೆಡ್ ಚೀಟಿಯನ್ನು ಮಗುಚಿ ಹಾಕಿದ. ಗಾಳಿಯಂತ್ರದ ಕೋಣೆಯ ಗೋಡೆಗೆ ಒಂದು ಹಲಗೆ ಇತ್ತು. ಅದರಲ್ಲಿ ಕೋಟು ನೇತುಹಾಕುವ ಗೂಟಗಳ ಸಾಲು, ಪ್ರತಿ ಗೂಟದ ಮೇಲೂ ಬಿಳಿ ಬಣ್ಣದಲ್ಲಿ ಒಂದು ಹೆಸರು. ಬಾಂಬು ಬೀಳುವ ಮುಂಚೆ ಒಳಗೆ ಬರಬೇಕಾದವರ ಹೆಸರು. ಹೆಂಡತಿ ಮಕ್ಕಳಿಗೆ ಗೂಟವಿರಲಿಲ್ಲ. ಕೆಲಸ ಬಿಟ್ಟ ದಿನ ಆ ಹಲಗೆಯನ್ನು ಕಿತ್ತುಬಿಡೋಣವೆಂದು ಸ್ಕ್ರೂಡ್ರೈವರ್ ಹಿಡಿದಿದ್ದ. ತುಕ್ಕು ಹಿಡಿದ ಸ್ಕ್ರೂ ಜಗ್ಗಲಿಲ್ಲ, ಅಷ್ಟರಲ್ಲಿ ಯಾರೋ ಬಂದರು.

ಬರೀ ಹೆಸರಾಗಿದ್ದರೆ ಹೇಗೋ ಸಮಜಾಯಿಷಿ ಕೊಡಬಹುದಿತ್ತು. ಆದರೆ ಬಾಂಬು ಬೀಳುತ್ತದೆಂದು ನಂಬಿ ಅವನು ಒಮ್ಮೆ ಒಳಗೆ ಹೋಗಿಯೂಬಿಟ್ಟಿದ್ದ.

ಅರವತ್ತೆರಡರ ಅಕ್ಟೋಬರ್, ಕ್ಯೂಬಾ ಕಡೆ ರಷ್ಯದ ಹಡಗುಗಳು ಹೊರಟಿದ್ದ ವಾರ. ಶುಕ್ರವಾರ ಮಧ್ಯಾಹ್ನ, ಊರೊಳಗಿದ್ದ ಕೋಟೆಯ ವರ್ಕ್‌ಶಾಪಿನಲ್ಲಿ ಕೆಲಸದಲ್ಲಿದ್ದಾಗ ಫೋನು ಬಂತು. "ಬಾಯ್ಲರ್ ತಣ್ಣಗಾಗಿದೆ," ಅಂದಿತು ಒಂದು ದನಿ. ಬಾಂಬು ಬರುತ್ತಿದೆ, ಒಳಗೆ ಬನ್ನಿ ಅನ್ನುವುದಕ್ಕೆ ಅದೇ ಗುರುತಿನ ಮಾತು. ತಾಲೀಮಾದರೆ ಕೊನೆಗೆ "ನಾಳೆ ನೋಡಿದರಾಯ್ತು" ಅನ್ನಬೇಕಿತ್ತು. ಆ ಮಹರಾಯ ಅದನ್ನು ಮರೆತು ಫೋನಿಟ್ಟ. ವಿಲ್ಫ್ರೆಡ್ ಸೈಕಲ್ ಹತ್ತಿದ. ಕೋಟೆಯ ಗುಡ್ಡದ ದಾರಿ ಅವನ ಮನೆಯ ಮುಂದೆಯೇ ಹೋಗುತ್ತಿತ್ತು. ಎನಿಡ್ ಹಗ್ಗದ ಮೇಲೆ ಬಟ್ಟೆ ಹರವುತ್ತಿದ್ದಳು. ನಾಲ್ಕು ವರ್ಷದ ಮಗಳು ಜೋಸಿ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದಳು. ಎನಿಡ್ ಕೈ ಬೀಸಿದಳು. ಅವನು ನಿಲ್ಲಲಿಲ್ಲ.

ಕಬ್ಬಿಣದ ಬಾಗಿಲು ಹಾಕಿ ಗಾಳಿಕಿಂಡಿ ಮುಚ್ಚುವುದು ಅವನದೇ ಕೆಲಸ. ಮುಚ್ಚಿದ. ಎರಡು ಗಂಟೆ ಒಳಗಿದ್ದು, ಹಗ್ಗದ ಮೇಲಿನ ಬಟ್ಟೆಗೆ ಈಗ ಬೆಂಕಿ ಹತ್ತಿರಬಹುದು ಅಂತ ಯೋಚಿಸಿದ. ಆಮೇಲೆ ಯಾರೋ ಬಂದು, "ತಾಲೀಮು ಕಣ್ರಪ್ಪ, ಮನೆಗೆ ಹೋಗಿ," ಅಂದರು. ಮನೆಗೆ ಬಂದವನು ಮಗುವನ್ನು ಎಷ್ಟು ಬಿಗಿಯಾಗಿ ತಬ್ಬಿದನೆಂದರೆ ಅದು ಅತ್ತುಬಿಟ್ಟಿತು. ಎನಿಡ್‌ಳ ಮುಖ ನೋಡಲಾಗಲಿಲ್ಲ. ಮರುದಿನದಿಂದ ದಿನಾ ಬೆಳಿಗ್ಗೆ ಅವಳ ಹಾಸಿಗೆಗೇ ಟೀ ತಂದುಕೊಡತೊಡಗಿದ. ಹೇಡಿ ಅನ್ನುತ್ತೀರಾ, ಅನ್ನಿ. ಅವನೂ ಅದನ್ನೇ ಅಂದುಕೊಂಡಿದ್ದ.

ಶನಿವಾರ ಇಪ್ಪತ್ತು ಜನರ ಗುಂಪಿನಲ್ಲಿ ಅವರೂ ಒಳಗೆ ಹೋದರು. ಅದೇ ಸುಣ್ಣಕಲ್ಲಿನ ತೇವದ ವಾಸನೆ. ಗೈಡ್ ಹುಡುಗಿ, "ಕೊನೇಲಿರೋರು ಬಾಗಿಲು ಎಳ್ಕೊಂಡು ಬನ್ನಿ," ಅಂದಳು. ಕೊನೆಯಲ್ಲಿದ್ದವನು ವಿಲ್ಫ್ರೆಡ್. ಕೈ ಮೇಲೇಳಲಿಲ್ಲ. ಎನಿಡ್ ತನ್ನ ಚೀಲವನ್ನು ಅವನ ಕೈಗೆ ತುರುಕಿ, ತಾನೇ ಬಾಗಿಲೆಳೆದಳು.

"ಮುಖ ಯಾಕೆ ಹಾಗೆ ಬಿಳಿಚಿಕೊಂಡಿದೆ? ದೆವ್ವ ಇದೆಯಾ ಇಲ್ಲಿ?"

"ಉಸಿರು ಕಟ್ತಿದೆ. ವಾಪಸ್ ಹೋಗೋಣ, ಎನಿಡ್."

"ಈಗ ತಾನೇ ಬಂದಿದೀವಿ. ಸುಮ್ನೆ ಬಾ."

ನೌಕಾಪಡೆಯ ನಕಾಶೆ ಕೋಣೆ ಆಯಿತು, ಟೆಲಿಫೋನ್ ಕೋಣೆ ಆಯಿತು. ಮುಂದಿನದು ಗಾಳಿಯಂತ್ರದ ಕೋಣೆ. ಹಲಗೆ ಕಿತ್ತಿರಲಿ ದೇವರೇ, ಅಂದುಕೊಂಡ. ಕಿತ್ತಿರಲಿಲ್ಲ. ಮೇಲೊಂದು ದೀಪ ಬೇರೆ ಹಾಕಿದ್ದರು.

"ಈ ಗೂಟ ಇದ್ದವರಿಗೆ ಮಾತ್ರ ಒಳಗೆ ಜಾಗ," ಅಂದಳು ಗೈಡ್. "ಮನೆಯವರಿಗೆ ಹೇಳೋ ಹಾಗಿಲ್ಲ, ಕರ್ಕೊಂಡು ಬರೋ ಹಾಗಿಲ್ಲ."

"ಹೆಂಡ್ತಿ ಕಾಟ ತಪ್ಪಿಸ್ಕೊಳ್ಳೋಕೆ ಬಾಂಬೇ ಬೇಕಾಯ್ತು ನೋಡಿ," ಅಂದ ಗುಂಪಿನಲ್ಲಿದ್ದ ಒಬ್ಬ ದಪ್ಪನೆಯ ಆಸಾಮಿ. ಎಲ್ಲರೂ ನಕ್ಕರು. ಎನಿಡ್ ಎಲ್ಲರಿಗಿಂತ ಜೋರಾಗಿ ನಕ್ಕಳು. ಆಮೇಲೆ ಕನ್ನಡಕ ಹಾಕಿಕೊಂಡು, ಒಂದೊಂದೇ ಹೆಸರು ಓದುತ್ತ ಹೋದಳು. ನಾಲ್ಕನೆಯ ಗೂಟದ ಹತ್ತಿರ ನಿಂತಳು. 'ಡಬ್ಲ್ಯೂ. ಪಿಲ್ಚರ್, ಗಾಳಿಯಂತ್ರ.'

ಗುಂಪು ಮುಂದಿನ ಕೋಣೆಗೆ ಹೋಯಿತು. ಇವರಿಬ್ಬರೇ ಉಳಿದರು. ಅವಳು ಆ ಬಿಳಿ ಅಕ್ಷರಗಳ ಮೇಲೆ ಬೆರಳಾಡಿಸಿದಳು. ವಿಲ್ಫ್ರೆಡ್‌ಗೆ ಅಂದು ಒಳಗೆ ಕಳೆದ ಎರಡು ಗಂಟೆಗಿಂತ ಇದೇ ಉದ್ದವೆನಿಸಿತು.

"ಆ ಶುಕ್ರವಾರ," ಅಂದಳು ಎನಿಡ್, ಗೂಟದಿಂದ ಕಣ್ಣು ತೆಗೆಯದೆ. "ನಾನು ಕೈ ಬೀಸಿದ್ದು ನಿಂಗೆ ಕಾಣಿಸ್ತು, ಅಲ್ವಾ?"

"ಕಾಣಿಸ್ತು."

"ಇಲ್ಲಿಗೇ ಬರ್ತಿದ್ದೆಯಾ?"

"ಹೂಂ. ನಿಜವಾದ ಕರೆ ಅಂದ್ಕೊಂಡಿದ್ದೆ."

"ಬಾಗಿಲು ಹಾಕಿದ್ದು ಯಾರು?"

"ನಾನೇ."

ಅವಳು ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಳ್ಳಲಿಲ್ಲ.

"ಮಾರನೇ ದಿನದಿಂದ ಟೀ ಶುರುವಾಯ್ತು. ಈ ಗುಡ್ಡದ ಮೇಲೆ ಯಾವಳೋ ಇದಾಳೆ, ಅದಕ್ಕೇ ಈ ಉಪಚಾರ ಅಂದ್ಕೊಂಡೆ. ಇಪ್ಪತ್ತೆಂಟು ವರ್ಷ, ವಿಲ್ಫ್. ಟೀ ಕುಡೀತಾ ಅವಳ ಮುಖ ಹೇಗಿರಬಹುದು ಅಂತ ಯೋಚಿಸ್ತಿದ್ದೆ."

"ಯಾರೂ ಇರ್ಲಿಲ್ಲ, ಎನಿಡ್. ಜೋಸಿ ಮೇಲಾಣೆ, ಯಾರೂ ಇರ್ಲಿಲ್ಲ."

"ಗೊತ್ತಾಯ್ತು ಬಿಡು." ಅವನ ಕೈಯಲ್ಲಿದ್ದ ತನ್ನ ಚೀಲವನ್ನು ತೆಗೆದುಕೊಂಡಳು. "ಇದ್ದಿದ್ರೆ ಚೆನ್ನಾಗಿತ್ತು."