ದೇವರ ಮುಂದಿಟ್ಟ ಕರಾರು

ಮೇಲಿನ ಮಹಡಿಯ ಮೌಶಿಯ ಕೊರಳಲ್ಲಿ ತುಳಸಿಮಣಿಯ ಜೊತೆಗೆ ಒಂದು ಭೂತಗನ್ನಡಿಯೂ ನೇತಾಡುತ್ತಿತ್ತು. ಉಪ್ಪಿನಕಾಯಿ ಬಾಟಲಿಯ ಚೀಟಿಯಿಂದ ಹಿಡಿದು ನಗರಸಭೆಯ ಪತ್ರದವರೆಗೆ ಯಾವುದನ್ನೂ ಅದರಲ್ಲಿ ಓದದೆ ನಂಬಿದವರಲ್ಲ. ಧಾರವಾಡದವರು, ಅಲ್ಲಿಯ ಮಾತಿನಲ್ಲಿ ನಮಗೆಲ್ಲ ಮೌಶಿ, ಎಂದರೆ ಚಿಕ್ಕಮ್ಮ; ಲಂಡನ್ನಿನ ಕ್ರೋಯ್ಡನ್ನಿಗೆ ಬಂದು, ಮನೆ ಸಾಲ ಕೊಡುವ ಕಚೇರಿಯೊಂದರಲ್ಲಿ ದುಡಿದು ಕೂದಲು ನೆರೆಸಿಕೊಂಡವರು. "ದೊಡ್ಡ ಅಕ್ಷರ ತೋರ್ಸಾಕ, ಸಣ್ಣ ಅಕ್ಷರ ಮುಚ್ಚಾಕ" ಎನ್ನುತ್ತಿದ್ದರು.

ಇಲ್ಲಿ ಮನೆ ಸಾಲದ ಬಡ್ಡಿದರ ಕೆಲವು ವರ್ಷಕ್ಕಷ್ಟೇ ನಿಗದಿ; ನಮ್ಮ ಫ್ಲ್ಯಾಟಿನ ಸಾಲದ ಹಳೆಯ ದರದ ಅವಧಿ ಮುಗಿಯುತ್ತಾ ಬಂದಿತ್ತು. ಹೊಸ ದರಕ್ಕೆ ನಾನೂ ಯಜಮಾನರೂ ಸಹಿ ಮಾಡಿದ್ದೆವು; ಆ ಕರಾರಿಗೆ ನಾನು ಅರಿಶಿನ ಕುಂಕುಮ ಹಚ್ಚಿ ದೇವರ ಮುಂದಿಟ್ಟಿದ್ದೆ. ಕಂತು ಬಲು ಏರಿತ್ತು. ಅದು ಶುರುವಾದರೆ ಯಜಮಾನರು ಭಾನುವಾರವೂ ಆಸ್ಪತ್ರೆಯ ಡ್ಯೂಟಿಗೆ ಹೋಗಬೇಕು. ಮಗಳಿಗೆ ವಾರಕ್ಕೊಂದು ದಿನ ಅಪ್ಪ ಸಿಗುತ್ತಿದ್ದುದೂ ತಪ್ಪಿಹೋಗುತ್ತದಲ್ಲ ಎಂಬ ಸಂಕಟ ನನಗೆ.

ಪ್ರಸಾದಕ್ಕೆಂದು ಬಂದ ಮೌಶಿ, ಕೇಳದೆಯೇ ಪತ್ರ ಎತ್ತಿಕೊಂಡು ಓದಿದರು.

"ಇದನ್ನ ರದ್ದು ಮಾಡಸ್ ತಂಗಿ. ನೀವು ಸಹಿ ಮಾಡಿದ ಮ್ಯಾಲ ಬಡ್ಡಿ ಇಳದದ."

"ಕೊಟ್ಟ ಮಾತಲ್ವಾ ಮೌಶಿ. ದೇವರ ಮುಂದೆ ಬೇರೆ ಇಟ್ಟಿದ್ದೀನಿ."

"ನಿಶ್ಚಯ ಆಗೇದ ಖರೆ, ತಾಳಿ ಕಟ್ಟಿಲ್ಲಲ್ಲ. ಮುಂದಿನ ತಿಂಗಳ ಒಂದನೇ ತಾರೀಖಿಗೆ ಶುರು ಅಂತ ಇಲ್ಲೇ ಬರದಾರ. ಅಲ್ಲೀತನಕ ಬಿಡಬಹುದು. ದಂಡಾನೂ ಇಲ್ಲ."

ನನಗೆ ಅನುಮಾನ ಬಂತು. ನಮ್ಮ ಸಾಲದ ಮೇಲೆ ಇವರಿಗೇಕಿಷ್ಟು ಅಕ್ಕರೆ? ಶನಿವಾರದ ಭಜನೆಯಲ್ಲಿ ಗೆಳತಿಯೊಬ್ಬಳನ್ನು, "ಮೌಶಿಗೆ ಎಲ್ಲಿಂದಾದ್ರೂ ಕಮಿಷನ್ ಬರತ್ತೇನೇ?" ಎಂದು ಕೇಳಿಯೂಬಿಟ್ಟೆ.

"ಪುಕ್ಕಟೆ ಯಾರು ಮಾಡ್ತಾರೆ?" ಎಂದಳು ಅವಳು.

ಅಂದಿನಿಂದ ಮೌಶಿ ಬಾಗಿಲು ತಟ್ಟಿದರೆ ಸಾಕು, ಪತ್ರವನ್ನು ಅಕ್ಕಿ ಡಬ್ಬದ ಹಿಂದೆ ಸರಿಸುತ್ತಿದ್ದೆ.

ತಿಂಗಳ ಕೊನೆ ಹತ್ತಿರವಾಯಿತು. "ನಿನ್ನಿಷ್ಟ" ಎಂದುಬಿಟ್ಟಿದ್ದರು ಯಜಮಾನರು. ಮಗಳ ಭಾನುವಾರದ ಚಿಂತೆ ನನ್ನ ಅನುಮಾನಕ್ಕಿಂತ ದೊಡ್ಡದಾಯಿತು. ಒಂದು ಬೆಳಿಗ್ಗೆ ದೇವರಿಗೆ ತಪ್ಪುಕಾಣಿಕೆ ತೆಗೆದಿಟ್ಟು, ಪತ್ರ ಹಿಡಿದು ನಾನೇ ಮೇಲೆ ಹೋದೆ.

"ನೀವೇ ಫೋನ್ ಮಾಡಿಬಿಡಿ ಮೌಶಿ."

"ನಾ ಯಾಕ? ನನ್ನನ್ನೂ ನಂಬಬ್ಯಾಡ. ಸಹಿ ನಿಂದು, ಬಾಯೀನೂ ನಿಂದ ಇರಲಿ."

ನನ್ನ ಮುರುಕು ಇಂಗ್ಲಿಷಿನಲ್ಲೇ ಸಾಲದ ಕಚೇರಿಯವನನ್ನು ಕೇಳಿದೆ. ರದ್ದು ಮಾಡಬಹುದು, ಇಳಿದ ದರ ಕೊಡುತ್ತೇವೆ, ದಂಡವಿಲ್ಲ ಎಂದ. ಮೌಶಿ ಮೇಜು ಕುಟ್ಟಿದರು. "ಬರದು ಕಳಸು ಅನ್ನು. ಬರೇ ಬಾಯಿಮಾತಿಗೆ ಹಳೇದನ್ನ ಬಿಡಬ್ಯಾಡ."

ಬರಹದಲ್ಲಿ ಬಂದ ಮೇಲೆಯೇ ಹಳೆಯ ಕರಾರು ಬಿಟ್ಟೆ. ನಮ್ಮ ಭಾನುವಾರ ಉಳಿಯಿತು. ಇಂಥ ಸಣ್ಣ ಕರುಣೆಗಳನ್ನು ಭಗವಂತ ನಾವು ಅನುಮಾನಿಸಿದವರ ಕೈಯಲ್ಲೂ ಕಳಿಸುತ್ತಾನೆ.

ಕಳೆದ ಚಳಿಗಾಲ ಮೌಶಿ ಆಸ್ಪತ್ರೆ ಸೇರಿದರು. ಒಂದು ಭಾನುವಾರ ಮೂವರೂ ನೋಡಲು ಹೋದೆವು. ಅಪ್ಪ ಮಗಳು ಚಹಾ ತರಲು ಹೊರಗೆ ಹೋದದ್ದೇ, ಮೌಶಿ ಮೆಲ್ಲಗೆ, "ನನಗ ಕಮಿಷನ್ ಬರ್ತದೇನು ಅಂತ ಭಜನಿಯೊಳಗ ಕೇಳಿದ್ದಿಯಂತಲ್ಲ?" ಎಂದರು.

ನಾನು ಅವರ ಹೊದಿಕೆಯ ಅಂಚು ಸರಿಪಡಿಸತೊಡಗಿದೆ.

"ಛಲೋ ಮಾಡಿದಿ. ನಾನಾಗಿದ್ರೂ ಕೇಳತಿದ್ದೆ."

ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವರು ದಿಂಬಿನ ಪಕ್ಕದ ಮಾತ್ರೆಯ ಪೊಟ್ಟಣವನ್ನು ನನ್ನತ್ತ ನೂಕಿದರು. "ಅದಿರಲಿ. ನರ್ಸು ಹೊಸಾ ಗುಳಿಗಿ ತಂದಿಟ್ಟಾಳ. ಏನ್ ಬರದಾರ ಓದು."

ಓದಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. "ಇನ್ನೊಮ್ಮೆ. ಸಾವಕಾಶ."

ಎರಡನೇ ಸಲ ಓದುವಷ್ಟರಲ್ಲಿ ಅವರಿಗೆ ನಿದ್ದೆ ಬಂದಿತ್ತು. ಬುಧವಾರ ತೀರಿಕೊಂಡರು. ಕೇಳಬೇಕಾಗಿದ್ದ ಕ್ಷಮೆ ನನ್ನ ಬಾಯಲ್ಲೇ ಉಳಿಯಿತು.